ಅಜ್ಜಿಗೆ ಕಾಣುವಷ್ಟು ದಪ್ಪ ಅಕ್ಷರ

ಹೊಸಕೋಟೆಯಲ್ಲಿ ಅಚ್ಚುಕೂಟ ಇಟ್ಟಿದ್ದ ಯಜಮಾನರು ಲಗ್ನಪತ್ರಿಕೆಗೆ ಕಾಗದ ಆರಿಸುವ ರೀತಿಯೇ ಬೇರೆ. ಹಾಳೆಯ ಮೂಲೆಗೆ ಒದ್ದೆ ಅರಿಶಿನ ಹಚ್ಚಿ ಬಿಸಿಲಿಗೆ ಹಿಡಿದು ನೋಡುವರು. ಅರಿಶಿನ ಹರಡಿತೋ, ಆ ಕಾಗದ ಮದುವೆಗೆ ನಾಲಾಯಕ್ಕು. ಅಕ್ಷರದ ಗಾತ್ರಕ್ಕೂ ಅವರದೊಂದು ಪರೀಕ್ಷೆಯಿತ್ತು.

"ಮನೇಲಿ ಎಲ್ರಿಗಿಂತ ದೊಡ್ಡೋರನ್ನ ಕರ್ಕೊಂಡು ಬಾರಪ್ಪಾ. ಅವರು ಓದಿದ್ರೇನೇ ಅಚ್ಚಿನ ಮೊಳೆ ಸರಿ."

ನನ್ನ ಮದುವೆಗೆ ಹದಿನೈದೇ ದಿನವಿತ್ತು. ಅಜ್ಜಿಯನ್ನು ಕರೆದೊಯ್ದೆ. ಅವಳಿಗೆ ಓದು ಬಾರದೆಂದು ಹೇಳಲು ಬಾಯಿ ತೆರೆದರೆ, ಪಕ್ಕದಲ್ಲಿ ಕೂತಿದ್ದ ಅಜ್ಜಿ ನನ್ನ ತೊಡೆ ಚಿವುಟಿದಳು. ಕರಡು ಹಾಳೆಯನ್ನು ದಿಟ್ಟಿಸಿ, "ಸಣ್ಣದಾಯ್ತು ಕಣಪ್ಪಾ," ಎಂದಳು. ಯಜಮಾನರು ಅಷ್ಟೂ ಮೊಳೆ ಬಿಚ್ಚಿ, ದಪ್ಪದ್ದನ್ನು ಜೋಡಿಸಿದರು.

"ಇನ್ನೂ ವಸಿ ದಪ್ಪ ಹಾಕಪ್ಪಾ."

ಮೂರನೆಯ ಸಲ ನಾಟಕದ ಪೋಸ್ಟರಿಗೆ ಬಳಸುವ ಮರದ ಮೊಳೆಗಳೇ ಹೊರಬಂದವು. ನನ್ನ ಹೆಸರೊಂದೇ ಅರ್ಧ ಹಾಳೆ ನುಂಗಿತು.

ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಜೋಯಿಸರ ಮುಂದೆ ಕೂತು ಅಜ್ಜಿಯೇ ನಿಶ್ಚಯಿಸಿದ್ದ ಮದುವೆ, ವಿವರವೆಲ್ಲ ಬಾಯಿಪಾಠ. ಅಜ್ಜಿ ಹಾಳೆಯನ್ನು ಎರಡು ಕೈಯಲ್ಲೂ ಹಿಡಿದು, ವಧೂವರರ ಹೆಸರಿನಿಂದ ಮುಹೂರ್ತದವರೆಗೆ ಗಡಗಡ ಒಪ್ಪಿಸಿಬಿಟ್ಟಳು. ಒಂದಕ್ಷರವೂ ತಪ್ಪಲಿಲ್ಲ. ಹಾಳೆ ಮಾತ್ರ ತಲೆಕೆಳಗಾಗಿತ್ತು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಯಜಮಾನರು ಕನ್ನಡಕ ಸರಿಮಾಡಿಕೊಂಡು, ಮೊದಲಿನ ಸಣ್ಣ ಮೊಳೆಗಳ ಕಡೆಗೇ ಗಂಭೀರವಾಗಿ ಕೈ ಚಾಚಿದರು.

"ಮೊಳೆ ಜೋಡ್ಸೋ ನಾವೂ ತಲೆಕೆಳಗಾಗೇ ಓದೋದು, ಅಜ್ಜಮ್ಮ. ನಿಮಗೆ ಯಾವ ಅಚ್ಚುಕೂಟದಲ್ಲಿ ಕಲಿಸ್ಕೊಟ್ರು?"