ನಮ್ಮ ಮನೆಯಲ್ಲಿ ಫೋನು ಇಳಿಯುವ ಬಗೆ

ನಮ್ಮ ತೋಟದ ಮಳೆ ಅಳೆಯುವ ಕೆಲಸ ಪಿಯುಸಿ ಓದುವಾಗಿನಿಂದ ನನ್ನದು. ಬೆಳಿಗ್ಗೆ ಎಂಟಕ್ಕೆ ಮಳೆಮಾಪಕದ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಬಗ್ಗಿಸಿ, ಇಂಚು ಎಷ್ಟು, ಇಂಚಿನ ನೂರನೇ ಪಾಲಾದ ಸೆಂಟು ಎಷ್ಟು ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು. ಮಳೆ ಬಾರದ ದಿನ ನಮ್ಮ ಕಡೆ ಹೆಚ್ಚಿನವರು ಆ ಜಾಗ ಖಾಲಿ ಬಿಡುತ್ತಾರೆ. ನಾನು ಸೊನ್ನೆ ಬರೆಯುತ್ತೇನೆ. ಖಾಲಿ ಬಿಟ್ಟರೆ ಮಳೆ ಬರಲಿಲ್ಲವೋ, ನಾನು ಏಳಲಿಲ್ಲವೋ ಎಂದು ಹೇಗೆ ಗೊತ್ತಾಗಬೇಕು?

ಅದೇ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಇನ್ನೊಂದು ಲೆಕ್ಕವನ್ನೂ ಇಟ್ಟಿದ್ದೇನೆ: ‘ಫೋನು ಇಳಿಯಿತು.’ ಹೋದ ವರ್ಷದ ಪುಸ್ತಕದಲ್ಲಿ ಇದು ಮೂರು ಕಡೆ ಇದೆ.

ಮೇಲಿನ ಗದ್ದೆಯ ನೀರು ಕೆಳಗಿನ ಗದ್ದೆಗೆ ಇಳಿಯುವಂತೆ ನಮ್ಮ ಮನೆಯಲ್ಲಿ ಫೋನು ಇಳಿಯುತ್ತದೆ. ಚಿಕ್ಕಪ್ಪ ಹೊಸದನ್ನು ತಂದರೆ ಅವರದು ಅಮ್ಮನಿಗೆ, ಅಮ್ಮನದು ನನಗೆ, ನನ್ನದು ಅಜ್ಜಿಗೆ. ಅಜ್ಜಿಯದು ಮೆಣಸು ಒಣಗಿಸುವ ಕಣಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಕಂಬಕ್ಕೆ ಕಟ್ಟಿ, ಮಂಗ ಓಡಿಸಲು ನಾಯಿ ಬೊಗಳುವ ಸದ್ದು ಹಾಕುತ್ತೇವೆ. ಅಪ್ಪ ಈ ಸಾಲಿನಲ್ಲಿಲ್ಲ. ಅವರದು ಗುಂಡಿ ಒತ್ತುವ ಫೋನು. ಅದಕ್ಕಿಂತ ಹೊಸದು ಬಂದಿದೆ ಎಂದು ಆ ಫೋನಿಗಾಗಲಿ ಅಪ್ಪನಿಗಾಗಲಿ ಯಾರೂ ಹೇಳಿದಂತಿಲ್ಲ.

ಈ ವರ್ಷ ಕಾಫಿ ಕೊಯ್ಲು ಮುಗಿದ ವಾರ ಚಿಕ್ಕಪ್ಪ ಒಂದು ಫೋನು ತಂದರು. ಎಲ್ಲವೂ ಒಂದೊಂದು ಮೆಟ್ಟಿಲು ಇಳಿದವು. ಅಮ್ಮನ ಬೆರಳಿಗೆ ಹೊಸ ಜಾಗಗಳು ಅಭ್ಯಾಸವಾಗುವ ಹೊತ್ತಿಗೆ, ಹೂಮಳೆ ಇನ್ನೂ ಬೀಳುವ ಮೊದಲೇ, ಚಿಕ್ಕಪ್ಪ ಸೋಮವಾರಪೇಟೆ ಸಂತೆಯಿಂದ ಹಸಿಮೀನಿನ ಚೀಲದ ಜೊತೆ ಇನ್ನೊಂದು ಡಬ್ಬ ಹಿಡಿದುಕೊಂಡು ಬಂದರು.

“ಚಿಕ್ಕಪ್ಪ, ಹೋದ ತಿಂಗಳು ತಂದಿದ್ದೇ ಹೊಸದಲ್ವಾ?”

“ಅದೇ ಕಣೆ ಇದು. ಹಿಂದೆ ಒಂದು ‘ಪ್ರೊ’ ಸೇರಿದೆ. ಚಂದ್ರನ ಫೋಟೋ ತೆಗೀಬೋದಂತೆ, ಮೇಲಿರೋ ಗುಂಡಿಯೆಲ್ಲ ಕಾಣ್ತವಂತೆ.”

ಅಜ್ಜಿ ಮೀನಿನ ಚೀಲವನ್ನಷ್ಟೇ ತೆಗೆದುಕೊಂಡರು. “ನಮ್ಮ ಗೇಟಿನ ಹತ್ರ ಇರೋ ಗುಂಡಿ ನಿಂಗೆ ಮೂರು ವರ್ಷದಿಂದ ಕಂಡಿಲ್ಲ. ಚಂದ್ರನ್ ಗುಂಡಿ ಕಟ್ಕೊಂಡು ಏನ್ ಮಾಡ್ತೀಯೋ?”

ಆದರೂ ಸಂಜೆ ಫೋನುಗಳು ಇಳಿದವು. ಅಮ್ಮ ತನ್ನದನ್ನು ಕೊಡುವಾಗ, “ಇದ್ರಲ್ಲಿ ಟಾರ್ಚ್ ಎಲ್ಲಿದೆ ಅಂತ ಇವತ್ತು ಬೆಳಿಗ್ಗೆ ಗೊತ್ತಾಯ್ತು” ಎಂದು ಬೇಸರ ಮಾಡಿಕೊಂಡಳು. ನಾನು ನನ್ನ ಸಿಮ್ಮನ್ನು ತೆಗೆದು ಅದಕ್ಕೆ ಹಾಕಿಕೊಂಡೆ. ವಾಟ್ಸಾಪ್ ಬರಬೇಕಾದರೆ ಒಂದು ಮೆಸೇಜು ಬರಬೇಕು, ಅದು ಬರಬೇಕಾದರೆ ರೇಂಜ್ ಬೇಕು. ನಮ್ಮಲ್ಲಿ ರೇಂಜ್ ಇರುವುದು ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಬಳಿ. ನಾಳೆ ಹತ್ತಿದರಾಯಿತು ಎಂದುಕೊಂಡು ಹಳೆಯ ಫೋನನ್ನು ಹಾಗೇ ಅಜ್ಜಿಯ ಕೈಗಿಟ್ಟೆ. ಸಿಮ್ ಇಲ್ಲದಿದ್ದರೂ ಮನೆಯ ವೈಫೈಯಲ್ಲಿ ಅದರ ವಾಟ್ಸಾಪ್ ಇನ್ನೂ ನನ್ನ ಹೆಸರಿನಲ್ಲೇ ಓಡುತ್ತಿದೆ ಎಂಬುದು ಹೊಳೆಯಲೇ ಇಲ್ಲ.

ಆ ದಿನಗಳಲ್ಲಿ ಊರಿನವರೆಲ್ಲ ಆಕಾಶ ನೋಡುತ್ತಿದ್ದರು. ಹೂಮಳೆ ಒಂದು ಇಂಚಾದರೂ ಬಿದ್ದರೆ ಕಾಫಿ ಹೂ ಬಿಡುತ್ತದೆ. ಬೀಳದಿದ್ದರೆ ಪಂಪಿಟ್ಟು ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸಬೇಕು. ಯಾರ ತೋಟಕ್ಕೆ ಎಷ್ಟು ಬಿತ್ತು ಎಂದು ಹಾಕಲು ಸುತ್ತಲಿನ ತೋಟದವರದೊಂದು ವಾಟ್ಸಾಪ್ ಗುಂಪಿದೆ. ಅದರಲ್ಲಿ ನನ್ನ ಲೆಕ್ಕಕ್ಕೆ ಬೆಲೆಯಿತ್ತು. ಬೇರೆಯವರು “ಸುಮಾರು ಮುಕ್ಕಾಲು ಇಂಚು” ಎಂದು ಬರೆದರೆ, ನಾನು ಲೋಟದ ಪಕ್ಕದಲ್ಲಿ ಅಂಕಿ ಬರೆದ ಚೀಟಿಯಿಟ್ಟು ಫೋಟೋ ಹಾಕುತ್ತಿದ್ದೆ. ಪಕ್ಕದ ತೋಟದ ಮಾವ ಒಮ್ಮೆ, “ಆಕಾಶ ಸುಳ್ಳು ಹೇಳಿದ್ರೂ ಈ ಕೂಸು ಹೇಳಲ್ಲ” ಎಂದಿದ್ದರು. ಅದನ್ನೂ ಬರೆದಿಟ್ಟಿದ್ದೇನೆ. ನನಗಿದ್ದ ಹೆಸರು ಅದೊಂದೇ.

ಮರುದಿನ ಎಂಟಕ್ಕೆ ಮಳೆಮಾಪಕ ನೋಡಿದೆ. ಒಳಗೆ ಒಂದು ಇರುವೆ ಇತ್ತು. ಸೊನ್ನೆ ಬರೆದು ಟ್ಯಾಂಕಿನ ಕಡೆ ಹೊರಡುವಷ್ಟರಲ್ಲಿ ಮಾವನ ಜೀಪು ಧೂಳೆಬ್ಬಿಸಿಕೊಂಡು ಅಂಗಳಕ್ಕೆ ಬಂತು. ಅವರು ಇಳಿದವರೇ ಕಾಫಿ ಗಿಡದ ಬುಡಕ್ಕೆ ಹೋಗಿ ಚಪ್ಪಲಿಯಿಂದ ಮಣ್ಣು ಕೆದಕಿದರು. ಅಲ್ಲಿಂದಲೂ ಧೂಳೇ ಎದ್ದಿತು.

“ಎಲ್ಲೇ ಅದು?”

“ಯಾವುದು ಮಾವ?”

“ಒಂದು ಇಂಚು ನಲವತ್ತು ಸೆಂಟು! ಬೇಲಿಯಿಂದ ಆಚೆ ನಂಗೆ ಒಂದು ಹನಿ ಇಲ್ಲ. ನಿಮ್ಮ ತೋಟಕ್ಕೆ ಮಾತ್ರ ಮೋಡಕ್ಕೆ ಪಾಸ್ ಕೊಟ್ಟಿದೀರಾ?”

ಅವರು ತಮ್ಮ ಫೋನು ತೋರಿಸಿದರು. ಗುಂಪಿನಲ್ಲಿ ನನ್ನ ಹೆಸರಿನಡಿ ನನ್ನ ಲೋಟ, ನನ್ನ ಚೀಟಿ, ನನ್ನ ಅಕ್ಷರ. ಹಿಂದೆ ಬೆಳ್ಳಗೆ ಕಾಫಿ ಹೂ. ಅದು ಹೋದ ವರ್ಷದ ಫೋಟೋ, ಫೋನು ಇಳಿದಾಗಲೆಲ್ಲ ನಾನು ಜೊತೆಗೇ ಸಾಗಿಸಿಕೊಂಡು ಬಂದಿದ್ದು. ಪುಸ್ತಕದಲ್ಲಿ ಅಷ್ಟು ಶಿಸ್ತಾಗಿ ದಿನಾಂಕ ಬರೆಯುವ ನಾನು ಚೀಟಿಯಲ್ಲಿ ಬರೆಯುತ್ತಿರಲಿಲ್ಲ. ಅದನ್ನು ಫೋನು ನೆನಪಿಟ್ಟುಕೊಳ್ಳುತ್ತದೆ ಎಂದು ನಂಬಿದ್ದೆ. ಕೆಳಗೆ ಸಾಲು ಸಾಲು ಉತ್ತರ: “ಪುಣ್ಯವಂತರು”, “ನಮಗ್ಯಾಕೆ ಇಲ್ಲ?”, “ಗಾಳಿ ಯಾವ ಕಡೆಯಿಂದ ಬಂತು?”

ಜಗಲಿಯಲ್ಲಿ ಅಜ್ಜಿ ನನ್ನ ಹಳೆಯ ಫೋನನ್ನು ಮೂಗಿನ ಹತ್ತಿರ ಹಿಡಿದು ಕೂತಿದ್ದರು.

“ಅಜ್ಜಿ, ಬೆಳಿಗ್ಗೆ ಯಾರಿಗಾದ್ರೂ ಏನಾದ್ರೂ ಕಳಿಸಿದ್ರಾ?”

“ಶಿರಂಗಾಲದ ನನ್ ತಂಗಿಗೆ ಒಂದು ಹೂವಿನ ಫೋಟೋ ಕಳಿಸ್ದೆ, ಗುಡ್ ಮಾರ್ನಿಂಗಿಗೆ. ಯಾಕೋ ಇವತ್ತು ಅವಳು ಗಂಡಸರ ಥರ ಮಾತಾಡ್ತಿದಾಳೆ. ‘ಗಾಳಿ ಯಾವ ಕಡೆಯಿಂದ ಬಂತು’ ಅಂತ ಕೇಳ್ತಾಳೆ.”

ಅಜ್ಜಿಯ ಹಿಂದಿನ ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ತಂಗಿ. ಅಜ್ಜಿ ಹೆಸರು ಓದುವುದಿಲ್ಲ, ಮೇಲಿನದನ್ನು ಒತ್ತುತ್ತಾರೆ. ನನ್ನ ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು ತೋಟದವರ ಗುಂಪು.

ಮಾವ ಜಗಲಿಯ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ತಂದ ಕಾಫಿ ಆರುವವರೆಗೂ ನಕ್ಕರು. ಅಷ್ಟರಲ್ಲಿ, ಬೆಳಕು ಹರಿಯುವ ಮೊದಲೇ ಪೇಟೆಗೆ ಹೋಗಿದ್ದ ಚಿಕ್ಕಪ್ಪ ಒಂದು ಕಿಲೋ ಜಿಲೇಬಿ ಹಿಡಿದು ಬಂದರು.

“ತಗೊಳ್ಳಿ ಮಾವ, ಬಾಯಿ ಸಿಹಿ ಮಾಡ್ಕೊಳ್ಳಿ! ಬಾಡಿಗೆ ಪಂಪಿನವ್ನಿಗೆ ಬೇಡ ಅಂತ ಹೇಳಿ ಬಂದೆ. ಒಂದು ಇಂಚು ನಲವತ್ತು ಅಂದ್ರೆ...” ಎಂದವರು ಅಂಗಳದ ಧೂಳು ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

“ಒಂದು ಸಲ ಕೇಳ್ಬಾರ್ದಾ ಚಿಕ್ಕಪ್ಪ?”

“ನೀನು ಹಾಕಿದ್ಮೇಲೆ ಕೇಳೋದೇನಿದೆ?”

ಬೈದಿದ್ದರೂ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಮಾವ ಎರಡು ಜಿಲೇಬಿ ಬಾಯಿಗೆ ಹಾಕಿಕೊಂಡು, “ಪಂಪು ಬಿಟ್ಯಾ? ಹಾಗಾದ್ರೆ ನಾನು ತಗೋತೀನಿ” ಎಂದು ಜೀಪು ಹತ್ತಿದರು.

ನಾನು ಓಡಿಕೊಂಡು ಟ್ಯಾಂಕಿನವರೆಗೆ ಹತ್ತಿ, ಬಂದ ಮೆಸೇಜಿನಿಂದ ವಾಟ್ಸಾಪನ್ನು ನನ್ನ ಕೈಗೆ ತಂದುಕೊಂಡು, ಗುಂಪಿನಲ್ಲಿ ಉದ್ದನೆಯ ತಪ್ಪೊಪ್ಪಿಗೆ ಹಾಕಿದೆ. ಅದನ್ನು ಯಾರೂ ಪೂರ್ತಿ ಓದಿದಂತಿರಲಿಲ್ಲ. ಅಂದಿನಿಂದ ನಾನು ಸೊನ್ನೆ ಎಂದು ಹಾಕಿದರೂ, “ಈ ಸೊನ್ನೆ ಯಾವ ವರ್ಷದ್ದು?” ಎಂದು ಕೇಳತೊಡಗಿದರು. ಬೇಲಿಯಾಚೆ ಮಾವನ ತೋಟದಲ್ಲಿ ನಮಗೆ ಬರಬೇಕಿದ್ದ ಪಂಪು ಹಗಲೆಲ್ಲ ಗುಡುಗುಡು ಎನ್ನುತ್ತಿತ್ತು.

ಮುಂದಿನ ವಾರ ಒಂದು ಸಂಜೆ ನಿಜವಾದ ಮಳೆಯೇ ಬಂತು. ಬೆಳಿಗ್ಗೆ ಎಂಟಕ್ಕೆ ಲೋಟದಲ್ಲಿ ಒಂದು ಇಂಚು ಇಪ್ಪತ್ತು ಸೆಂಟು. ಚೀಟಿಯಲ್ಲಿ ದಿನಾಂಕ, ತಿಂಗಳು, ವರ್ಷ ಬರೆದು, ಅಡಿಗೆ ಎರಡು ಗೆರೆ ಎಳೆದು ಫೋಟೋ ಹಾಕಿದೆ. ಮೊದಲ ಉತ್ತರ ಒಂದು ನಿಮಿಷದೊಳಗೆ ಬಂತು: “ಅಜ್ಜಿಗೆ ಗುಡ್ ಮಾರ್ನಿಂಗ್.”

ಅಳು ಬರುವಂತಾಯಿತು. ಲೋಟದ ನೀರು ಚೆಲ್ಲದೆ, ಬೇಲಿಯ ಬಳಿ ನಿಂತು ಮಾವನನ್ನು ಕೂಗಿದೆ. ಮಾವ ತೋಟದ ಬೂಟಿನಲ್ಲೇ ಕೆಸರು ತುಳಿದುಕೊಂಡು ಬಂದರು. ಮಾಪಕದ ಒಳಗೆ ಬಗ್ಗಿ ನೋಡಿದರು. ಲೋಟವನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಬೆಳಕಿಗೆ ಹಿಡಿದು, ಗೆರೆ ಎಣಿಸಿದರು.

“ಒಂದು ಇಪ್ಪತ್ತೇ. ನಂಗೂ ಅಷ್ಟೇ ಬಿದ್ದಿರ್ಬೇಕು. ಪಂಪಿನ ಬಾಡಿಗೆ ಕೊಟ್ಟು ನಿನ್ನೆಯಷ್ಟೇ ವಾಪಸ್ ಕಳಿಸ್ದೆ, ಹಾಳಾದ್ದು.” ನಂತರ ನನ್ನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಲೋಟವನ್ನು ನಡುವೆ ಹಿಡಿದು, ತಮ್ಮ ಫೋನಿನಲ್ಲಿ ಫೋಟೋ ತೆಗೆದು ಗುಂಪಿಗೆ ಹಾಕಿದರು. ಕೆಳಗೆ ಬರೆದರು: “ಇವತ್ತಿನದೇ. ನಾನೇ ನೋಡಿದೆ. ಕೂಸಿನ ಲೆಕ್ಕ ಸರಿ ಇದೆ.”

ಹೆಬ್ಬೆರಳುಗಳ ಸಾಲೇ ಬಂತು. ಎಷ್ಟು ಎಂದು ಎಣಿಸಿದ್ದೇನೆ, ಇಲ್ಲಿ ಹೇಳುವುದಿಲ್ಲ.

ಹಲ್ಲುಜ್ಜುತ್ತಾ ಬಂದ ಚಿಕ್ಕಪ್ಪ ಮಾವನ ಭುಜದ ಮೇಲಿಂದ ಇಣುಕಿದರು. “ಏನು ಕ್ಲಿಯರ್ ಬಂದಿದೆ ಮಾವ! ಗೆರೆಗೆರೆ ಕಾಣ್ತಿದೆ. ನನ್ನ ಪ್ರೊದಲ್ಲೂ ಹೀಗೆ ಬರಲ್ಲ. ಯಾವ ಫೋನು ಇದು?”

“ಇದಾ?” ಮಾವ ಫೋನನ್ನು ಪಂಚೆಯ ತುದಿಯಲ್ಲಿ ಒರೆಸಿಕೊಂಡರು. “ನಿನ್ನದರ ಮುಂದಿನದು. ನಿನ್ನೆ ಬಂತು.”

ಚಿಕ್ಕಪ್ಪನ ಬಾಯಲ್ಲಿ ಬ್ರಷ್ಷು ನಿಂತುಬಿಟ್ಟಿತು. ಅಮ್ಮ ತನ್ನ ಫೋನನ್ನು ಅಕ್ಕಿ ಡಬ್ಬದೊಳಗೆ ಇಟ್ಟು ಮುಚ್ಚಳ ಹಾಕಿದಳು. ನಾನು ನನ್ನದನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಅಜ್ಜಿ ಜಗಲಿಯಿಂದಲೇ ಕೂಗಿದರು: “ಲೋ, ನೀನು ಏನಾದ್ರೂ ತಗೋ. ಆದ್ರೆ ಈ ಮನೇಲಿ ಇನ್ನು ಏನೂ ಇಳಿಯಲ್ಲ. ನಿನ್ನ ಹಳೇದನ್ನ ನೇರ ಕಣಕ್ಕೆ ಕಟ್ಟು. ಮಂಗಗಳಾದ್ರೂ ಚಂದ್ರನ ಗುಂಡಿ ನೋಡ್ಲಿ.”

ಅಂದಿನ ಪುಟದಲ್ಲಿ ಒಂದು ಇಂಚು ಇಪ್ಪತ್ತು ಸೆಂಟು ಎಂದು ಶಾಯಿಯಲ್ಲಿ ಬರೆದೆ. ಅಂಚಿನಲ್ಲಿ, ‘ಫೋನು ಇಳಿಯಿತು’ ಎಂದು ಬರೆಯುವ ಕಡೆ, ಪೆನ್ಸಿಲಿನಿಂದ ಒಂದು ಸೊನ್ನೆ ಹಾಕಿದೆ. ಅದರ ಪಕ್ಕದಲ್ಲಿ ಸಾಕ್ಷಿಗೆ ಮಾವನ ಸಹಿ ಇದೆ.