ಸ್ಮಾರಕದ ಏಳನೇ ಹೆಸರು

ನಿವೃತ್ತಿಗೆ ಒಂದು ವರ್ಷವಷ್ಟೇ ಬಾಕಿಯಿದ್ದಾಗ ನಾನು ಬೆಂಗಳೂರಿನ ಪೂರ್ವ ಭಾಗದ ಒಂದು ಸರ್ಕಾರಿ ಕಚೇರಿಯಲ್ಲಿ ಹಿರಿಯ ಭಾಷಾಂತರಕಾರಳಾಗಿದ್ದೆ. ಇಂಗ್ಲಿಷಿನಲ್ಲಿ ಬಂದ ಸುತ್ತೋಲೆ, ಟೆಂಡರ್ ಪ್ರಕಟಣೆ, ಪಾರ್ಕಿನ ಫಲಕಗಳನ್ನೆಲ್ಲ ಕನ್ನಡಕ್ಕೆ ತರುವುದು ನನ್ನ ಕೆಲಸ. ಯಾರೂ ಓದದ ಕಾಗದಗಳನ್ನು ತಪ್ಪಿಲ್ಲದೆ ಬರೆಯುವವಳು ಎಂದು ಮನೆಯಲ್ಲಿ ತಮಾಷೆ ಮಾಡುತ್ತಿದ್ದರು. ನನ್ನ ಸೇವಾವಧಿಯ ದೊಡ್ಡ ತಪ್ಪು ಮಾತ್ರ ಎಲ್ಲರೂ ಓದುವ ಜಾಗಕ್ಕೇ ಹೋಗಿ ಕೂತಿತು.

ಕೆ.ಆರ್. ಪುರಂ ಹತ್ತಿರದ ಒಂದು ಹಳೆಯ ಹಳ್ಳಿ, ಈಗ ಪೂರ್ತಿ ಬಡಾವಣೆ. ಅಲ್ಲಿಂದ ಸೈನ್ಯಕ್ಕೆ ಸೇರಿ ಯುದ್ಧಗಳಲ್ಲಿ ಮಡಿದವರಿಗೆ ಊರಿನ ಪಾರ್ಕಿನಲ್ಲಿ ಒಂದು ಸ್ಮಾರಕ ಶಿಲೆ ನಿಲ್ಲಿಸಬೇಕೆಂದು ಊರಿನವರ ಸಮಿತಿ ಬಹಳ ದಿನದಿಂದ ಕೇಳುತ್ತಿತ್ತು. ಡಿಸೆಂಬರ್ ಹದಿನಾರರ ವಿಜಯ ದಿವಸಕ್ಕೆ ಅನಾವರಣ ಎಂದು ನಿಗದಿಯಾಯಿತು. ಸೇನೆಯ ದಾಖಲೆಯಿಂದ ಒಂಬತ್ತು ಹೆಸರುಗಳ ಪಟ್ಟಿ ಬಂತು, ಇಂಗ್ಲಿಷಿನಲ್ಲಿ, ಎಲ್ಲವೂ ದೊಡ್ಡಕ್ಷರಗಳಲ್ಲಿ. ಎಂಜಿನಿಯರ್ ಜಗದೀಶ್ ಅದನ್ನು ನನ್ನ ಮೇಜಿನ ಮೇಲಿಟ್ಟು, "ಒಂಬತ್ತೇ ಹೆಸ್ರು ಮೇಡಂ, ಊಟಕ್ಕೆ ಮುಂಚೆ ಕೊಟ್ಬಿಡಿ" ಅಂದರು.

ಇಂಗ್ಲಿಷಿನಿಂದ ಕನ್ನಡಕ್ಕೆ ಹೆಸರು ಬರೆಯುವುದು ಕಾಣುವಷ್ಟು ಸುಲಭವಲ್ಲ. ಇಂಗ್ಲಿಷಿನಲ್ಲಿ ದೀರ್ಘ ಗೊತ್ತಾಗುವುದಿಲ್ಲ, ಲಕಾರ ಯಾವುದು ಳಕಾರ ಯಾವುದು ತಿಳಿಯುವುದಿಲ್ಲ, ಒತ್ತಕ್ಷರವನ್ನೂ ಎಷ್ಟೋ ಸಲ ಒಂದೇ ಅಕ್ಷರದಲ್ಲಿ ಮುಗಿಸಿರುತ್ತಾರೆ. ಪಟ್ಟಿಯ ಏಳನೇ ಹೆಸರನ್ನು ಕಾಳಪ್ಪ ಎಂದೂ ಓದಬಹುದಿತ್ತು, ಕಲ್ಲಪ್ಪ ಎಂದೂ ಓದಬಹುದಿತ್ತು. ಮುಂದೆ ಇನಿಷಿಯಲ್ 'ಎಂ', ಮಡಿದದ್ದು 1971ರ ಯುದ್ಧದಲ್ಲಿ. ಸಮಿತಿಯ ಅಧ್ಯಕ್ಷ ವೆಂಕಟೇಶಪ್ಪನವರಿಗೆ ಫೋನು ಮಾಡಿದೆ. ಅವರದು ಊರಿನ ಹಳೆಯ ರೈತ ಮನೆತನ. ಹೊಲವಿದ್ದ ಕಡೆ ಈಗ ಅವರದೇ ಬಾಡಿಗೆ ಕಟ್ಟಡಗಳು. "ಕಾಳಪ್ಪ ಮೇಡಂ, ನಮ್ ದೊಡ್ಡಪ್ಪ. ನಮ್ ತಾತ ಮುನಿಯಪ್ಪ, ಅದಕ್ಕೇ ಎಂ. ಮಿಲ್ಟ್ರಿಗೆ ಸೇರ್ತೀನಿ ಅಂತ ಹೋದೋರು ವಾಪಸ್ ಬರ್ಲೇ ಇಲ್ಲ" ಎಂದರು. ನಾನು ಕಾಳಪ್ಪ ಎಂದು ಬರೆದೆ. ಪಟ್ಟಿಯಲ್ಲಿ ಸೈನಿಕರ ಸೇವಾ ಸಂಖ್ಯೆಗಳೂ ಇದ್ದವು. ಕಲ್ಲಿನಲ್ಲಿ ಜಾಗ ಸಾಲದು ಎಂದು ಜಗದೀಶ್ ಹೇಳಿದ್ದರಿಂದ ಆ ಕಾಲಂ ಬಿಟ್ಟೆ. ಪಠ್ಯ ಸರಿಯಾಗಿದೆ ಎಂಬ ದೃಢೀಕರಣ ಪತ್ರಕ್ಕೆ ಸಹಿ ಹಾಕಿ ಊಟಕ್ಕೆ ಹೋದೆ.

ಕಲ್ಲು ಶಿವಾಜಿನಗರದ ಬಾಷಾ ಸಾಹೇಬರ ಅಂಗಡಿಗೆ ಹೋಯಿತು. ಕನ್ನಡ, ಇಂಗ್ಲಿಷ್, ಉರ್ದು, ತಮಿಳು ನಾಲ್ಕರಲ್ಲೂ ಅಕ್ಷರ ಕೆತ್ತುವವರು ಅವರು. ಊರಿನಲ್ಲಿ ಸಮಿತಿಯ ಫ್ಲೆಕ್ಸ್ ಎದ್ದಿತು. ಒಂಬತ್ತು ಹೆಸರು ಕೆಳಗೆ ಸಣ್ಣದಾಗಿ, ಸಮಿತಿಯವರ ಮುಖಗಳು ಮೇಲೆ ದೊಡ್ಡದಾಗಿ.

ಸಮಾರಂಭಕ್ಕೆ ಆರು ದಿನವಿದ್ದಾಗ ಒಬ್ಬ ಹೆಂಗಸು ಕಚೇರಿಗೆ ಬಂದರು. ವಯಸ್ಸು ಐವತ್ತು ದಾಟಿತ್ತು. ಯಾರಲ್ಲಿಗೆ ಹೋಗಬೇಕೆಂದು ತಿಳಿಯದೆ ನಾಲ್ಕು ಮೇಜು ಸುತ್ತಿ ನನ್ನ ಬಳಿ ಬಂದಿದ್ದರು. ಹೆಸರು ಶರಣಮ್ಮ. ಕಲಬುರಗಿ ಕಡೆಯವರು, ರಾಮಮೂರ್ತಿ ನಗರದಲ್ಲಿ ಬಾಡಿಗೆ ಕೋಣೆ, ಒಂದು ಪಿ.ಜಿ.ಯಲ್ಲಿ ಅಡುಗೆ ಕೆಲಸ.

"ಮೇಡಮ್ಮಾರ, ನಮ್ಮಪ್ಪನ ಹೆಸರು ತಪ್ಪ ಬರದೀರಿ. ಅಂವ ಕಾಳಪ್ಪ ಅಲ್ಲರೀ, ಕಲ್ಲಪ್ಪ. ಕಲ್ಲಪ್ಪ ಮಲ್ಲಪ್ಪ."

ತಂದೆಯ ಹೆಸರು ಮಲ್ಲಪ್ಪ ಎಂದರೂ 'ಎಂ'ಯೇ ಎಂಬುದು ನನಗೆ ಆಗ ಹೊಳೆಯಿತು.

ಆಕೆಯ ತಂದೆ ಹೆಂಡತಿಯೊಡನೆ ಕಲ್ಲು ಒಡೆಯುವ ಕೆಲಸಕ್ಕೆಂದು ಈ ಹಳ್ಳಿಯ ಕ್ವಾರಿಗೆ ಬಂದವರಂತೆ. ದಂಡು ಪ್ರದೇಶದಲ್ಲಿ ಭರ್ತಿ ನಡೆದಾಗ ಕ್ವಾರಿಯ ವಿಳಾಸವನ್ನೇ ಕೊಟ್ಟು ಸೈನ್ಯ ಸೇರಿದರು. ಅವರು ತೀರಿಕೊಂಡಾಗ ಶರಣಮ್ಮ ತಾಯಿಯ ಹೊಟ್ಟೆಯಲ್ಲಿದ್ದರು. ತಾಯಿ ಗಂಡನ ಊರಿಗೆ ಮರಳಿದರು. ಮಗಳು ಮದುವೆಯಾಗಿ, ಗಾರೆ ಕೆಲಸದ ಗಂಡನ ಜೊತೆ ಮತ್ತೆ ಬೆಂಗಳೂರಿಗೆ ಬಂದರು. ತಾಯಿಯ ಕಾಗದಗಳಲ್ಲಿದ್ದ ಹಳ್ಳಿಯ ಹೆಸರು ಫ್ಲೆಕ್ಸ್‌ನಲ್ಲಿ ಕಂಡು, ಬಸ್ ಸ್ಟಾಪಿನಲ್ಲಿ ನಿಂತು ಒಂದೊಂದೇ ಅಕ್ಷರ ಕೂಡಿಸಿ ಓದಿದ್ದರು. ಕೈಚೀಲದಿಂದ ಒಂದು ಪದಕ ತೆಗೆದು ನನ್ನ ಮುಂದಿಟ್ಟರು. ಸೇನೆಯ ಪದಕಗಳ ಅಂಚಿನಲ್ಲಿ ಸೈನಿಕನ ಸಂಖ್ಯೆ, ಹೆಸರು ಕೊರೆದಿರುತ್ತಾರೆ. ಹೆಸರು ಇಲ್ಲೂ ಅದೇ ಇಂಗ್ಲಿಷಿನಲ್ಲಿ, ಎರಡು ಬಗೆಯಲ್ಲೂ ಓದಬಹುದಾದ ರೀತಿಯಲ್ಲೇ ಇತ್ತು. ಸಂಖ್ಯೆಯನ್ನು ಕಡತದಲ್ಲಿದ್ದ ಮೂಲ ಪಟ್ಟಿಯೊಡನೆ ಹೋಲಿಸಿದೆ. ಒಂದಂಕಿಯೂ ವ್ಯತ್ಯಾಸವಿರಲಿಲ್ಲ.

ನೇರವಾಗಿ ಜಗದೀಶ್ ಬಳಿ ಹೋದೆ. ಅವರು ಶಾಮಿಯಾನದವರ ಜೊತೆ ಫೋನಿನಲ್ಲಿದ್ದರು. ಫೋನಿಟ್ಟು ನನ್ನ ಮಾತು ಕೇಳಿ, "ಮೇಡಂ, ಒಂದ್ ದೀರ್ಘಕ್ಕೆ ಇಷ್ಟೊಂದ್ ತಲೆ ಕೆಡಿಸ್ಕೋಬೇಕಾ?" ಅಂದರು.

"ದೀರ್ಘ ಅಲ್ಲ ಸಾರ್, ಮನುಷ್ಯನೇ ಬೇರೆ."

"ಸರಿ, ಹಂಗಾದ್ರೆ ಆ ಒಂದ್ ಹೆಸ್ರು ಇಂಗ್ಲಿಷಲ್ಲೇ ಹಾಕ್ಬಿಡೋಣ. ಯಾರಿಗ್ ಹೆಂಗ್ ಬೇಕೋ ಹಂಗ್ ಓದ್ಕೊಳ್ಲಿ."

ಇಂಥ ಪರಿಹಾರಗಳನ್ನು ಕೇಳಿ ಕೇಳಿಯೇ ನನ್ನ ಅರ್ಧ ಆಯುಷ್ಯ ಸವೆದಿದೆ. ಬಾಷಾ ಸಾಹೇಬರಿಗೆ ಫೋನು ಮಾಡಿದೆ. ಕೆತ್ತನೆ ಹಿಂದಿನ ದಿನವೇ ಮುಗಿದಿತ್ತು. "ಕಲ್ಲಿಗೆ ವೈಟ್ನರ್ ಇಲ್ಲ ಮೇಡಂ. ಪೂರಾ ಮುಖ ಉಜ್ಜಿ, ಪಾಲಿಶ್ ಹೊಡ್ದು, ಒಂಬತ್ತೂ ಹೆಸ್ರು ಮತ್ತೆ ಕೆತ್ಬೇಕು. ಹತ್ತು ದಿನ ಬೇಕು" ಎಂದರು.

ವೆಂಕಟೇಶಪ್ಪನವರು ಫೋನಿನಲ್ಲೇ ಸಿಡಿದರು. ನಮ್ಮೂರಲ್ಲಿ ಕಲ್ಲಪ್ಪ ಅನ್ನೋ ಹೆಸರೇ ಇಲ್ಲ, ಎಲ್ಲಿಂದಲೋ ಬಂದ ಹೆಂಗಸು ಏನೋ ಹೇಳಿದರೆ ನಂಬುತ್ತೀರಾ, ಐವತ್ತು ವರ್ಷದಿಂದ ನಮ್ಮ ಮನೆಯಲ್ಲಿ ದೊಡ್ಡಪ್ಪನಿಗೆ ಎಡೆ ಇಡುತ್ತಿದ್ದೇವೆ ಎಂದು ಒಂದೇ ಸಮನೆ ಹೇಳಿದರು. ಮರುದಿನ ಬೆಳಿಗ್ಗೆ ಬಾಷಾ ಸಾಹೇಬರ ಅಂಗಡಿಗೆ ಬನ್ನಿ ಎಂದೆ. ಶರಣಮ್ಮನವರಿಗೂ ಹೇಳಿದೆ.

ಅಂಗಡಿಯೊಳಗೆ ಇಬ್ಬರು ನಿಲ್ಲುವಷ್ಟೂ ಜಾಗವಿರಲಿಲ್ಲ. ಕಲ್ಲಿನ ಪುಡಿ, ಹೊರಗೆ ಗಾಡಿಗಳ ಹಾರ್ನು. ವೆಂಕಟೇಶಪ್ಪನವರು ಬಿಳಿ ಅಂಗಿಗೆ ಪುಡಿ ತಾಗದಂತೆ ಬಾಗಿಲಲ್ಲೇ ನಿಂತರು. ಬಾಷಾ ಸಾಹೇಬರು ತಮ್ಮ ಭೂತಗನ್ನಡಿ ಕೊಟ್ಟರು. ವೆಂಕಟೇಶಪ್ಪನವರು ಪದಕದ ಅಂಚನ್ನೂ ನನ್ನ ಕೈಯ ಪಟ್ಟಿಯನ್ನೂ ಮೂರು ಸಲ ನೋಡಿದರು. ಜಗಳಕ್ಕೆ ನಾನು ಸಿದ್ಧವಾಗಿಯೇ ಹೋಗಿದ್ದೆ. ಅವರು ಭೂತಗನ್ನಡಿ ಕೆಳಗಿಟ್ಟು, ಮೆಲ್ಲಗೆ, "ಹಂಗಾದ್ರೆ ನಮ್ ದೊಡ್ಡಪ್ಪ ಎಲ್ಲಿಗೋದ್ರು ಮೇಡಂ?" ಎಂದು ನನ್ನನ್ನೇ ಕೇಳಿದರು.

ಶರಣಮ್ಮ ಹೇಳಿದರು: "ನಮ್ಮವ್ವನೂ ಸಾಯೂತನಕ ಹಂಗೇ ಕೇಳ್ತಿದ್ಳರಿ ಅಣ್ಣಾರ. ಹೆಣ ಬರಲಿಲ್ಲ, ಬರೇ ಕಾಗದ ಬಂತು, ನಂಬಾದು ಹೆಂಗ ಅಂತ."

ವೆಂಕಟೇಶಪ್ಪನವರು ಅಲ್ಲಿಯೇ ಇದ್ದ ಕಲ್ಲಿನ ತುಂಡಿನ ಮೇಲೆ ಕೂತುಬಿಟ್ಟರು. ಬಿಳಿ ಅಂಗಿಯ ನೆನಪು ಅವರಿಗಿರಲಿಲ್ಲ.

ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕಚೇರಿಗೆ ಒಂದು ದಿನಾಂಕ ಸಿಕ್ಕರೆ ಅದರ ಮುಂದೆ ಸತ್ಯವೂ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಗಣ್ಯರಿಗೆ ಆಹ್ವಾನ ಹೋಗಿದೆ, ಅದೇ ಕಲ್ಲು ನಿಲ್ಲಿಸಿ ಏಳನೇ ಸಾಲಿನ ಮೇಲೆ ಹೂವಿನ ಹಾರ ಇಳಿಬಿಡೋಣ, ಆಮೇಲೆ ಸರಿ ಮಾಡಿಸೋಣ ಎಂದು ಜಗದೀಶ್ ತೀರ್ಮಾನಿಸಿದರು. ನಮ್ಮ ಕಚೇರಿಯ 'ಆಮೇಲೆ' ಎಂಥದೆಂದು ನನಗೆ ಗೊತ್ತಿತ್ತು. ಕಾಗುಣಿತ ತಪ್ಪಿದ ಒಂದು ರಸ್ತೆ ಫಲಕ ಸರಿಪಡಿಸಲು ನಾನು ಹನ್ನೊಂದು ಟಿಪ್ಪಣಿ ಬರೆದಿದ್ದೆ. ಅದು ಈಗಲೂ ತಪ್ಪಾಗಿಯೇ ಇದೆ.

ನನ್ನ ಕೈಯಲ್ಲಿದ್ದ ಅಧಿಕಾರ ಒಂದೇ, ಆ ದೃಢೀಕರಣ ಪತ್ರ. ಅದಿಲ್ಲದೆ ಶಾಸನದ ಕಲ್ಲನ್ನು ಸರ್ಕಾರಿ ಜಾಗದಲ್ಲಿ ನಿಲ್ಲಿಸುವಂತಿಲ್ಲ. ಪತ್ರವನ್ನು ಹಿಂಪಡೆಯುತ್ತಿದ್ದೇನೆ, ಏಳನೇ ಹೆಸರು ತಪ್ಪಾಗಿದೆ, ತಪ್ಪು ನನ್ನದು, ಸೇವಾ ಸಂಖ್ಯೆ ಪರಿಶೀಲಿಸದೆ ಒಂದು ಫೋನ್ ಕರೆ ನಂಬಿ ಸಹಿ ಹಾಕಿದೆ ಎಂದು ಬರೆದು ಮೇಲಧಿಕಾರಿಗಳಿಗೆ ಕಳಿಸಿದೆ. ಸಂಜೆಯೊಳಗೆ ನನಗೆ ಕಾರಣ ಕೇಳಿ ನೋಟಿಸ್ ಬಂತು. ಕಚೇರಿಯಲ್ಲಿ ಒಂದು ಕಾಗದ ಅಷ್ಟು ಬೇಗ ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು, ಅದೇ ಕೊನೆ.

"ರಿಟೈರ್ ಆಗೋ ಟೈಮಲ್ಲಿ ಇದೆಲ್ಲ ಬೇಕಿತ್ತಾ ಮೇಡಂ?" ಎಂದು ಜಗದೀಶ್ ಕೇಳಿದರು. ಅವರ ದನಿಯಲ್ಲಿ ಕೋಪಕ್ಕಿಂತ ಬೇಸರವೇ ಹೆಚ್ಚಿತ್ತು. ಅವರ ಮೇಲೂ ಒತ್ತಡವಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ವಿಜಯ ದಿವಸದಂದು ಗಣ್ಯರು ಬಂದು ಬರೀ ಪೀಠಕ್ಕೆ ಪುಷ್ಪಗುಚ್ಛ ಇಟ್ಟು, ಭಾಷಣ ಮಾಡಿ ಹೋದರು. ಒಬ್ಬರೂ ಕಲ್ಲೆಲ್ಲಿ ಎಂದು ಕೇಳಲಿಲ್ಲ. ಇಷ್ಟಕ್ಕೇ ನಾವು ಆರು ದಿನ ಕಿತ್ತಾಡಿದ್ದೆವು.

ಕಲ್ಲು ಅದಾಗಿ ಒಂದು ವಾರಕ್ಕೆ ಬಂತು. ನಿಲ್ಲಿಸುವಾಗ ಶಾಮಿಯಾನವಿರಲಿಲ್ಲ. ಬಾಷಾ ಸಾಹೇಬರು, ಅವರ ಇಬ್ಬರು ಕೆಲಸಗಾರರು, ವೆಂಕಟೇಶಪ್ಪನವರು, ಪಿ.ಜಿ.ಯಲ್ಲಿ ಬೆಳಗಿನ ತಿಂಡಿ ಮುಗಿಸಿ ಬಂದ ಶರಣಮ್ಮ, ಮತ್ತು ನಾನು. ಈ ಸಲ ಒಂಬತ್ತು ಹೆಸರಿನ ಎದುರೂ ಸೇವಾ ಸಂಖ್ಯೆ ಇತ್ತು. ಅಕ್ಷರ ಸ್ವಲ್ಪ ಸಣ್ಣದು ಮಾಡಿದ್ದೇ ತಡ, ಇಲ್ಲದ ಜಾಗ ಸಿಕ್ಕಿತ್ತು. ಶರಣಮ್ಮ ಸೆರಗಿನಿಂದ ಏಳನೇ ಸಾಲಿನ ಪುಡಿ ಒರೆಸಿದರು. ಆಮೇಲೆ ಉಳಿದ ಎಂಟು ಸಾಲುಗಳನ್ನೂ ಒರೆಸಿದರು. ಕೆಲಸಕ್ಕೆ ಹೊತ್ತಾಯಿತೆಂದು ನಮಗೆಲ್ಲ ಕೈಮುಗಿದು ಹೊರಟರು.

ನೋಟಿಸಿಗೆ ನಾನು ಕೊಟ್ಟ ಉತ್ತರ ಒಂದೇ ವಾಕ್ಯ: ತಪ್ಪು ಒಪ್ಪಿಕೊಂಡಿದ್ದೇನೆ. ಎಚ್ಚರಿಕೆ ಕೊಟ್ಟು ಕಡತ ಮುಚ್ಚಿದರು. ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಸತ್ತವರ ಹೆಸರನ್ನು ಒಂದು ಕಾಗದದಿಂದ ಇನ್ನೊಂದು ಕಾಗದಕ್ಕೆ ಇಳಿಸಿಕೊಂಡರೆ ಸಾಲದು. ಆ ಹೆಸರು ಹಿಡಿದು ಕರೆದವರ ಮನೆ ಹುಡುಕಿ, ಅವರ ಬಾಯಲ್ಲಿ ಕೇಳಿಸಿಕೊಂಡು ಬರೆಯಬೇಕು. ಇದು ಮೊದಲ ವರ್ಷವೇ ತಿಳಿಯಬೇಕಿತ್ತು. ನನಗೆ ತಿಳಿದದ್ದು ಕೊನೆಯ ವರ್ಷ.

ನಿವೃತ್ತಳಾಗುವ ಹಿಂದಿನ ವಾರ ವೆಂಕಟೇಶಪ್ಪನವರು ಕಚೇರಿಗೆ ಬಂದರು. ಸೇನೆಯ ದಾಖಲೆ ವಿಭಾಗಕ್ಕೆ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆಸಬೇಕಿತ್ತು, ಮುನಿಯಪ್ಪನ ಮಗ ಕಾಳಪ್ಪ ಎಂಬುವರು ಸೈನ್ಯಕ್ಕೆ ಸೇರಿದ್ದರೇ, ಏನಾದರು ಎಂದು ಕೇಳಿ.

ಹೆಸರಿನ ಹತ್ತಿರ ಬಂದಾಗ ನನ್ನ ಪೆನ್ನು ನಿಂತಿತು. ಅವರು ಅದನ್ನು ಗಮನಿಸಿ, "ಎಷ್ಟ್ ಥರ ಬರೀಬೋದೋ ಅಷ್ಟೂ ಥರ ಬರೀರಿ ಮೇಡಂ" ಅಂದರು.

ಐದು ಬಗೆಯಲ್ಲಿ ಬರೆದೆ.