ಅರವತ್ತಮೂರನೇ ಪುಟ

ಜಿಪ್ಪಮ್ಮ ಪರದೇಶಕ್ಕೆ ಹೋಗುತ್ತಾಳಂತೆ ಎಂಬ ಸುದ್ದಿ ಬೀದಿಯಲ್ಲಿ ಹಬ್ಬಿದಾಗ ಜನ ಮೊದಲು ಕೇಳಿದ್ದು, ಹಾಗಾದರೆ ನಮ್ಮ ಪ್ಯಾಂಟುಗಳ ಗತಿಯೇನು ಎಂದು. ಅದರಲ್ಲಿ ತಪ್ಪೇನಿಲ್ಲ. ಡ್ರೈಕ್ಲೀನಿಂಗ್ ಅಂಗಡಿಯ ಗಾಜಿನ ಬಾಗಿಲ ಪಕ್ಕದಲ್ಲಿ, ಇಸ್ತ್ರಿಯ ಹಬೆ ಬಂದು ಬೆನ್ನಿಗೆ ಬಡಿಯುವ ಮೂಲೆಯಲ್ಲಿ ಕೂತು ಆಕೆ ಹದಿನೇಳು ವರ್ಷದಿಂದ ಉದ್ದದ್ದನ್ನು ಗಿಡ್ಡ ಮಾಡಿ, ಬಿಗಿಯಾದದ್ದನ್ನು ಸಡಿಲ ಮಾಡಿ, ಕೈಕೊಟ್ಟ ಜಿಪ್ಪನ್ನು ಕಿತ್ತು ಹೊಸದು ಹಾಕಿ ಕೊಡುತ್ತಿದ್ದಳು. ಆಕೆಯ ನಿಜವಾದ ಹೆಸರು ಎಲ್ಲರಿಗೂ ಮರೆತೇಹೋಗಿತ್ತು. ಮರೆಯದೆ ಉಳಿದದ್ದು ಒಂದೇ: ಹಾಸಿಗೆ ಹಿಡಿದ ಗಂಡನನ್ನು ಆರು ವರ್ಷ ಅಂಗೈಯಲ್ಲಿಟ್ಟುಕೊಂಡು ನೋಡಿಕೊಂಡ ಹೆಂಗಸು ಎಂಬ ಮಾತು. ಆ ಮಾತು ಬಂದಾಗಲೆಲ್ಲ ಜಿಪ್ಪಮ್ಮ ಸೂಜಿಗೆ ದಾರ ಪೋಣಿಸುವವಳ ಹಾಗೆ ತಲೆ ತಗ್ಗಿಸುತ್ತಿದ್ದಳು. ಜನ ಅದನ್ನು ವಿನಯ ಅಂದುಕೊಂಡರು. ಜನಕ್ಕೇನು, ಏನು ಬೇಕಾದರೂ ಅಂದುಕೊಳ್ಳುತ್ತಾರೆ.

ಗಂಡ ವಾಹನಗಳಿಗೆ ಬಣ್ಣ ಸಿಂಪಡಿಸುವ ಕೆಲಸದವನು. ಇಪ್ಪತ್ತು ವರ್ಷ ಮೂಗಿಗೆ ಬಟ್ಟೆ ಕೂಡ ಕಟ್ಟಿಕೊಳ್ಳದೆ ಕೆಲಸ ಮಾಡಿ, ಶ್ವಾಸಕೋಶ ಪೂರ್ತಿ ಕೆಡಿಸಿಕೊಂಡು ಮಲಗಿದ. ಕೊನೆಯ ಒಂದೂವರೆ ವರ್ಷ ಮನೆಯಲ್ಲೇ ಆಕ್ಸಿಜನ್ ಮಷೀನು ಇಡಬೇಕಾಯಿತು. ಅದನ್ನು ತಿಂಗಳಿಗೊಮ್ಮೆ ಬಿಚ್ಚಿ, ಒರೆಸಿ, ಸರಿಮಾಡಿ ಹೋಗಲು ಒಬ್ಬ ಬರುತ್ತಿದ್ದ. ಮನೆಯಲ್ಲಿ ಅವನಿಗೆ ಮಷೀನಿನವನು ಅಂತಲೇ ಹೆಸರು. ಗಂಡ ತೀರಿಕೊಂಡು ಈಗ ನಾಲ್ಕು ವರ್ಷ. ಮಷೀನಿನವನು ಆಮೇಲೆ ಪರದೇಶದ ಆಸ್ಪತ್ರೆಯೊಂದರಲ್ಲಿ ಕೆಲಸ ಹಿಡಿದು ಹೋದ, ಹೋದ ವರ್ಷ ರಜೆಗೆ ಬಂದು ಜಿಪ್ಪಮ್ಮನನ್ನು ನೋಂದಣಿ ಮದುವೆಯಾದ, ಇಪ್ಪತ್ತೆರಡು ದಿನ ಸಂಸಾರ ಮಾಡಿ ವಾಪಸ್ಸು ಹೋದ. ಈಗ ಹೆಂಡತಿಯನ್ನು ಅಲ್ಲಿಗೆ ಕರೆಸಿಕೊಳ್ಳಬೇಕಾದರೆ ಸಂಗಾತಿ ವೀಸಾ ಆಗಬೇಕು.

ಆ ಅರ್ಜಿಯ ನಮೂನೆ ಬರೆದ ಪುಣ್ಯಾತ್ಮನನ್ನು ಒಮ್ಮೆ ನೋಡಬೇಕು. ಮದುವೆಯ ಸರ್ಟಿಫಿಕೇಟು ಕೊಟ್ಟರೆ ಸಾಲದು, ಮದುವೆ ನಿಜ ಅಂತ ತೋರಿಸಬೇಕು. ನಿಮ್ಮ ಪರಿಚಯ ಯಾವಾಗ ಆಯಿತು, ಎಲ್ಲಿ ಆಯಿತು, ಕಷ್ಟಕಾಲದಲ್ಲಿ ಒಬ್ಬರಿಗೊಬ್ಬರು ಹೇಗೆ ಆಸರೆಯಾದಿರಿ, ಅದಕ್ಕೆ ಪುರಾವೆ ಏನು. ಇಪ್ಪತ್ತೆರಡು ದಿನದ ಸಂಸಾರಕ್ಕೆ ಏನು ಪುರಾವೆ ಇರುತ್ತದೆ? ಇದ್ದದ್ದು ಒಂಬತ್ತು ಫೋಟೋ, ಒಂಬತ್ತರಲ್ಲೂ ಇಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದರು. ಇದರ ಮೇಲೆ, ಹತ್ತಿರದ ಬಂಧುವೊಬ್ಬರು ಪ್ರಮಾಣಪತ್ರ ಬರೆದುಕೊಡಬೇಕು.

ಬರೆದುಕೊಡಲು ಹೊರಟವಳು ತೀರಿಕೊಂಡ ಗಂಡನ ಅಕ್ಕ. ಜಿಪ್ಪಮ್ಮನೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದಳು. ನೋಂದಣಿ ಕಚೇರಿಯ ಎದುರು ಎರಡು ಮೇಜಿನ ಟೈಪಿಂಗ್ ಅಂಗಡಿ ಅವಳದು. ಮೂವತ್ತು ವರ್ಷದಿಂದ ಬೇರೆಯವರ ಪ್ರಮಾಣಪತ್ರ ಟೈಪ್ ಮಾಡಿ ಮಾಡಿ ಮಾತು ಕೂಡ ಕಚೇರಿಯ ಕಾಗದದ ಹಾಗೆ ಖಡಕ್ಕಾಗಿತ್ತು. ಅವಳದೊಂದು ಪದ್ಧತಿ: ಟೈಪ್ ಆದ ಮೇಲೆ ಒಂದೊಂದೇ ಸಾಲು ಜೋರಾಗಿ ಓದುತ್ತಾಳೆ, ಎದುರಿಗೆ ಕೂತವರು ಪ್ರತಿ ಸಾಲಿಗೂ 'ಸರಿ' ಅನ್ನಬೇಕು. ಸರಿ ಅನ್ನದೆ ಗೋಣು ಆಡಿಸಿದರೆ ಅದೇ ಸಾಲನ್ನು ಮತ್ತೆ ಓದುತ್ತಾಳೆ. ಸುಳ್ಳು ಬರೆಸಲು ಬಂದವರು ಮೂರನೇ ಸಾಲಿಗೇ ತಡವರಿಸಿ ಸಿಕ್ಕಿಬೀಳುತ್ತಿದ್ದರು. ಅಂಥವರಿಗೆ ಅವಳು ಪಕ್ಕದ ಅಂಗಡಿ ತೋರಿಸಿ ಕಳಿಸುತ್ತಿದ್ದಳು.

ಈ ಮದುವೆಗೆ ಮುಂದೆ ನಿಂತವಳೂ ಅವಳೇ. ತಮ್ಮ ಹೋದ ಎರಡು ವರ್ಷಕ್ಕೆ, ಮಷೀನಿನವನ ಫೋನು ಬಂದಾಗ ಜಿಪ್ಪಮ್ಮನ ಮುಖ ಅರಳುವುದನ್ನು ಕಂಡು, ನನ್ನ ತಮ್ಮನಿಗೆ ನೀನು ಮಾಡಿದ್ದು ಸಾಕು, ಇನ್ನು ನಿನ್ನ ಬಾಳು ನೋಡಿಕೋ ಎಂದು ಬೆನ್ನು ತಟ್ಟಿದವಳು. ಅವತ್ತು ಜಿಪ್ಪಮ್ಮನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತ್ತು.

ಯಾಕೆ ಅಂದರೆ, ಹೇಳಿಬಿಡುತ್ತೇನೆ. ಗಂಡ ಹೋದಾಗ ಜಿಪ್ಪಮ್ಮ ಅವನ ಹತ್ತಿರ ಇರಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತು ಮಷೀನಿನವನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ಇಬ್ಬರ ನಡುವೆ ಆಗ ಕೆಟ್ಟದ್ದೇನೂ ನಡೆದಿರಲಿಲ್ಲ. ಫಿಲ್ಟರು ಯಾವಾಗ ತೊಳೆಯಬೇಕು ಎಂದು ಶುರುವಾದ ಮಾತು, ಊಟ ಆಯಿತಾ ಎಂಬಲ್ಲಿಗೆ ಬಂದಿತ್ತು, ಅಷ್ಟೇ. ಆದರೆ ಆ ಅಷ್ಟೇ ಎಂಬುದಕ್ಕಾಗಿ ಅವಳು ಬೆಳಗಿನಿಂದ ಕಾಯುತ್ತಿದ್ದಳು. ಅವನು ಏನೋ ತಮಾಷೆ ಮಾಡಿದ, ಅವಳು ನಕ್ಕಳು. ನಗು ಒಳಗೆ ಕೇಳದಿರಲಿ ಎಂದು ಬಾಗಿಲನ್ನು ಮೊದಲೇ ಎಳೆದುಕೊಂಡಿದ್ದಳು. ಹನ್ನೊಂದು ನಿಮಿಷ ಕಳೆದು ಒಳಗೆ ಬಂದರೆ ಮಷೀನು ತನ್ನ ಪಾಡಿಗೆ ಗೊರಗುಟ್ಟುತ್ತಿತ್ತು. ಗಂಡ ಹೋಗಿಬಿಟ್ಟಿದ್ದ.

ಅಷ್ಟನ್ನಾದರೂ ನುಂಗಿಕೊಳ್ಳಬಹುದಿತ್ತೇನೋ. ಆದರೆ ಅಕ್ಕ ಓಡೋಡಿ ಬಂದಳು. ಅಕ್ಕ ತಮ್ಮ ಇಬ್ಬರೂ ಮಾತು ಬಿಟ್ಟು ಒಂಬತ್ತು ದಿನವಾಗಿತ್ತು. ಆ ಶ್ವಾಸಕೋಶ ಇಟ್ಟುಕೊಂಡು ಕದ್ದು ಬೀಡಿ ಸೇದಿದ ಎಂದು ಅಕ್ಕ ಬೈದಿದ್ದಳು, ಇನ್ನು ನನ್ನ ಮನೆ ಮೆಟ್ಟಿಲು ಹತ್ತಬೇಡ ಎಂದು ತಮ್ಮ ಸಿಟ್ಟಿಗೆದ್ದಿದ್ದ. ಅಕ್ಕ ನಿಜಕ್ಕೂ ಹತ್ತಿರಲಿಲ್ಲ. ಈಗ ಮಂಚದ ಕಾಲ ಬಳಿ ಕುಸಿದು, ನನ್ನ ಕೇಳಿದನಾ, ಒಂದು ಸಲವಾದರೂ ಕೇಳಿದನಾ ಎಂದು ಜಿಪ್ಪಮ್ಮನ ಕೈ ಹಿಡಿದು ಅಲುಗಾಡಿಸಿದಳು. ಜಿಪ್ಪಮ್ಮನ ಬಾಯಿಂದ ಬಂದುಬಿಟ್ಟಿತು: ಕೇಳಿದರು ಅಕ್ಕ, 'ಅಕ್ಕ ಬಂದ್ಲಾ' ಅಂದರು, ಅದೇ ಕೊನೆಯ ಮಾತು.

ಅಕ್ಕ ನಾಲ್ಕು ವರ್ಷದಿಂದ ಆ ಎರಡು ಶಬ್ದದ ಮೇಲೆ ಬದುಕುತ್ತಿದ್ದಳು. ಕಾಗದ ಮಾಡಿಸಲು ಬಂದವರ ಮುಂದೆ, ಟೀ ತರುವವನ ಮುಂದೆ, ಬ್ಯಾಂಕಿನ ಸಾಲಿನಲ್ಲಿ ನಿಂತ ಗುರುತಿಲ್ಲದವರ ಮುಂದೆ, ನನ್ನ ತಮ್ಮ ಕೊನೆಗೆ ಕೇಳಿದ್ದು ನನ್ನನ್ನೇ ಎನ್ನುವಳು. ಆ ಮಾತು ಶುರುವಾದರೆ ಜಿಪ್ಪಮ್ಮ ಏನಾದರೂ ನೆಪ ಹೇಳಿ ಎದ್ದು ಹೋಗುತ್ತಿದ್ದಳು. ಕಟ್ಟಿಕೊಂಡವನು ಒಬ್ಬನೇ ಪ್ರಾಣ ಬಿಡುವಾಗ ಹೊರಗೆ ಕೂತು ನಕ್ಕವಳು ತಾನು, ಹೊಗಳಿಸಿಕೊಳ್ಳುತ್ತಿರುವವಳೂ ತಾನು.

ಹೀಗಿರುವಾಗ ಒಂದು ಮಧ್ಯಾಹ್ನ ಮಷೀನಿನವನು ಹುರುಪಿನಿಂದ ಫೋನ್ ಮಾಡಿದ. ಅಲ್ಲಿನ ವಕೀಲರು ಪರಿಚಯ ಎಷ್ಟು ಹಳೆಯದಿದ್ದರೆ ಅಷ್ಟು ಒಳ್ಳೆಯದು ಅಂದರಂತೆ. ಅದಕ್ಕೇ ಮೊದಲ ದಿನದಿಂದ ಇಬ್ಬರೂ ಕಳಿಸಿಕೊಂಡ ಮೆಸೇಜು, ಮಾಡಿಕೊಂಡ ಫೋನಿನ ಹೊತ್ತು, ಎಲ್ಲವನ್ನೂ ತೆಗೆದು ನೇರ ಅಕ್ಕನ ಅಂಗಡಿಯ ಮೇಲ್‌ಗೆ ಕಳಿಸಿದ್ದ. ನಾನೂರ ಹನ್ನೆರಡು ಪುಟ. ಹೇಗಿದ್ದರೂ ಅಕ್ಕನೇ ಫೈಲು ಮಾಡುತ್ತಿರುವುದಲ್ಲವಾ ಅಂದ. ಮನುಷ್ಯ ಒಳ್ಳೆಯವನು, ಆದರೆ ಒಳ್ಳೆಯವರ ಕೈಗೆ ಕಾಗದಪತ್ರ ಕೊಡಬಾರದು. ಜಿಪ್ಪಮ್ಮ ತನ್ನ ಫೋನಿನಿಂದ ಗಂಡ ತೀರಿಕೊಂಡ ದಿನದ ಸಾಲುಗಳನ್ನು ಎಂದೋ ಅಳಿಸಿದ್ದಳು. ಅವನು ಅಳಿಸಿರಲಿಲ್ಲ.

ಯಾರದೋ ಪ್ಯಾಂಟನ್ನು ಅರ್ಧ ಹೊಲಿದು ಬಿಟ್ಟು ಅವಳು ಅಕ್ಕನ ಅಂಗಡಿಗೆ ಓಡಿದಳು. ಅಷ್ಟರಲ್ಲಿ ಪುಟಗಳೆಲ್ಲ ಪ್ರಿಂಟಾಗಿ ಬಂದಿದ್ದವು, ಕೆಳಗೆ ಸಾಲಾಗಿ ನಂಬರು. ಅಕ್ಕ ಇನ್ನೊಬ್ಬರ ಬಾಡಿಗೆ ಕರಾರಿನಲ್ಲಿ ಮುಳುಗಿದ್ದಳು. ನಿಮ್ಮ ಪುರಾಣ ಓದುವುದಕ್ಕೆ ನನಗೆಲ್ಲಿ ಪುರುಸೊತ್ತು, ಬಂದದ್ದು ಒಳ್ಳೆಯದಾಯಿತು, ತಾರೀಕಿನ ಪ್ರಕಾರ ಇದೆಯಾ ನೋಡಿಬಿಡು ಎಂದಳು. ಜಿಪ್ಪಮ್ಮ ಮೂಲೆಯ ಸ್ಟೂಲಿನ ಮೇಲೆ ಕೂತು ಪುಟ ತಿರುವಿದಳು. ಅರವತ್ತಮೂರನೆಯದರಲ್ಲಿ ಸಿಕ್ಕಿತು. ನಾಲ್ಕು ಗಂಟೆ ಒಂಬತ್ತು ನಿಮಿಷಕ್ಕೆ ಫೋನು, ಮಾತು ಹನ್ನೊಂದು ನಿಮಿಷ. ನಾಲ್ಕು ಇಪ್ಪತ್ತಾರಕ್ಕೆ ಅವಳದೇ ಮೆಸೇಜು: 'ಇವರು ಹೋಗ್ಬಿಟ್ರು.' ಅದರ ಕೆಳಗೆ: 'ನಾನು ಮೆಟ್ಟಿಲ ಮೇಲಿದ್ದೆ ಅಂತ ಯಾರಿಗೂ ಹೇಳ್ಬೇಡಿ.' ಅಕ್ಕ ನೀರು ಕುಡಿಯಲು ಎದ್ದಾಗ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ತುರುಕಿದಳು. ಎಲ್ಲ ಸರಿಯಾಗಿದೆ ಅಂದಳು.

ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ. ಕಳ್ಳತನ ಒಂದು ಕಡೆ. ಆದರೆ ಅಕ್ಕ ಪ್ರಮಾಣ ಮಾಡಿ ಸಹಿ ಹಾಕಲಿದ್ದಾಳೆ, ಜೀವಮಾನದಲ್ಲಿ ಒಂದು ಸುಳ್ಳು ಕಾಗದಕ್ಕೆ ಕೈ ಹಾಕದವಳು, ತನ್ನನ್ನು ನಂಬಿ. ಸಹಿ ತಪ್ಪಿಸಿದರೆ ವೀಸಾ ಇಲ್ಲ. ತಪ್ಪಿಸದಿದ್ದರೆ ಆ ಸಹಿಯನ್ನು ಚೀಲದಲ್ಲಿಟ್ಟುಕೊಂಡೇ ಅವಳು ಹೊಸ ಸಂಸಾರಕ್ಕೆ ಹೋಗಬೇಕು. ಗಿರಾಕಿಯೊಬ್ಬರ ಕೋಟಿನ ಬಲತೋಳನ್ನು ಎಡಕ್ಕೆ ಹೊಲಿದು ಬೈಸಿಕೊಂಡಳು. ಹದಿನೇಳು ವರ್ಷದಲ್ಲಿ ಮೊದಲ ಸಲ.

ನಾಲ್ಕನೇ ದಿನ ಅಕ್ಕ ಬರಹೇಳಿದಳು. ಪ್ರಮಾಣಪತ್ರ ಸಿದ್ಧವಾಗಿತ್ತು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅಕ್ಕ ಕನ್ನಡಕ ಏರಿಸಿ, ಪರದೆಯ ಕಡೆ ತಿರುಗಿ, ಗಿರಾಕಿಗಳಿಗೆ ಹೇಳುವ ಹಾಗೇ ಹೇಳಿದಳು: "ಓದ್ತೀನಿ. ತಪ್ಪಿದ್ರೆ ಹೇಳು."

ನಾನು ಈಕೆಯ ಮೊದಲ ಗಂಡನ ಅಕ್ಕ, ಈಕೆಯನ್ನು ಇಪ್ಪತ್ತೊಂದು ವರ್ಷದಿಂದ ಬಲ್ಲೆ. ಸರಿ. ಈಕೆಯ ಈಗಿನ ಗಂಡನನ್ನೂ ನಾನು ಬಲ್ಲೆ. ಸರಿ. ಇವರ ಮದುವೆಗೆ ಸಾಕ್ಷಿ ಹಾಕಿದವಳು ನಾನು. ಸರಿ. ಈಕೆ ನನ್ನ ತಮ್ಮನನ್ನು ಆರು ವರ್ಷ ನೋಡಿಕೊಂಡಳು. ಸರಿ. ಅಕ್ಕ ಮುಂದಿನ ಸಾಲು ಓದಿದಳು, ಎಂದಿಗಿಂತ ನಿಧಾನವಾಗಿ. ನನ್ನ ತಮ್ಮ ಪ್ರಾಣ ಬಿಡುವಾಗ ಈಕೆ ಅವನ ಪಕ್ಕದಲ್ಲಿದ್ದು, ಅವನು ನನ್ನನ್ನು ಕೇಳಿದ ಕೊನೆಯ ಮಾತನ್ನು ನನಗೆ ತಲುಪಿಸಿದಳು.

"ಸರಿನಾ?"

ಗೋಡೆಯ ಫ್ಯಾನು ಒಂದು ಸಲ ಇತ್ತ ತಿರುಗಿ ಅತ್ತ ಹೋಯಿತು. ಅಕ್ಕ ಅವಳ ಕಡೆ ತಿರುಗಲೇ ಇಲ್ಲ. "ಸರಿ ಅನ್ನು," ಅಂದಳು, ಪರದೆಯನ್ನೇ ನೋಡುತ್ತ.

"ಇಲ್ಲ ಅಕ್ಕ," ಅಂದಳು ಜಿಪ್ಪಮ್ಮ. "ನಾನು ಅಲ್ಲಿರ್ಲಿಲ್ಲ. ಹೊರಗೆ ಫೋನಲ್ಲಿದ್ದೆ. ಒಳಗೆ ಬಂದಾಗ್ಲೇ ಮುಗ್ದೋಗಿತ್ತು. ಅವರು ಏನೂ ಹೇಳ್ಲಿಲ್ಲ. ಹೇಳಿದ್ರೂ ನಂಗೆ ಕೇಳ್ಸಿಲ್ಲ. ಅದು ನಾನೇ ಕಟ್ಟಿದ ಮಾತು."

ಹೇಳಿ ಮುಗಿಸಿದಾಗ, ನಾಚಿಕೆಗೇಡು, ಅವಳ ಎದೆ ಹಗುರಾಯಿತು. ನಾಲ್ಕು ವರ್ಷದಿಂದ ಸೆಟೆದಿದ್ದ ಹೆಗಲು ತಾನಾಗಿ ಇಳಿಯಿತು. ಬೈಯಲಿ, ಹೊಡೆಯಲಿ, ಕಾಗದ ಹರಿದು ಹಾಕಲಿ ಎಂದು ಅವಳು ಕಾದಳು. ಅಕ್ಕ ಮೇಜಿನ ಡ್ರಾಯರು ಎಳೆದು ಒಂದು ಹಾಳೆ ತೆಗೆದು ಎದುರಿಗಿಟ್ಟಳು. ಕೆಳಗೆ ನಂಬರು ಅರವತ್ತಮೂರು.

ನೀನು ಹೋದ ಮೇಲೆ ಎಣಿಸಿದೆ, ಒಂದು ಕಡಿಮೆ ಬಿತ್ತು, ಕಡಿಮೆ ಬಿದ್ದದ್ದನ್ನು ಮತ್ತೆ ಪ್ರಿಂಟ್ ಹಾಕಿದೆ ಎಂದು ಅಕ್ಕ ಹೇಳಿದಳು. ನೀನು ತೆಗೆಯದೆ ಹೋಗಿದ್ದರೆ ನಾನು ಅದರ ಕಡೆ ಕಣ್ಣು ಕೂಡ ಹಾಕುತ್ತಿರಲಿಲ್ಲ ಅಂದಳು.

ಗೊತ್ತಿದ್ದೂ ಆ ಸಾಲು ಯಾಕೆ ಬರೆದಿರಿ ಎಂದು ಜಿಪ್ಪಮ್ಮ ತೊದಲಿದಳು.

"ಫೋನು ಇಟ್ಟಿದ್ದು ನಾಲ್ಕು ಇಪ್ಪತ್ತಕ್ಕೆ. ಹೋಗ್ಬಿಟ್ರು ಅಂತ ನೀನು ಬರ್ದಿದ್ದು ಇಪ್ಪತ್ತಾರಕ್ಕೆ," ಅಂದಳು ಅಕ್ಕ. "ನಡುವೆ ಆರು ನಿಮಿಷ ಇದೆ. ನೀನು ಒಳಗೆ ಬಂದಾಗ ಅವನಿಗೆ ಇನ್ನೂ ಉಸಿರಿತ್ತೇನೋ, ಅಷ್ಟರಲ್ಲಿ ನನ್ನ ಕೇಳಿದ್ನೇನೋ ಅಂತ ಮೂರು ದಿನ ಅದನ್ನೇ ಹಿಡ್ಕೊಂಡು ಕೂತಿದ್ದೆ. ನೀನು ಸರಿ ಅಂದಿದ್ರೆ ಸಾಕಿತ್ತು ಕಣೇ. ನಾನು ಇನ್ನೇನೂ ಕೇಳ್ತಿರ್ಲಿಲ್ಲ."

ಹಗುರಾಗಿದ್ದ ತನ್ನ ಎದೆಯ ಬಗ್ಗೆ ಜಿಪ್ಪಮ್ಮನಿಗೇ ಹೇಸಿಗೆಯಾಯಿತು. ಇಷ್ಟು ಹೊತ್ತು ತನ್ನ ಭಾರ ಇಳಿಸಿದೆ ಅಂದುಕೊಂಡಿದ್ದಳು, ಇಳಿಸಿದ್ದು ಯಾರ ತಲೆಯ ಮೇಲೆ ಎಂದು ನೋಡಿರಲಿಲ್ಲ. ಬೇರೆಯವರ ಒಂದು ಸುಳ್ಳು ಅಕ್ಷರವನ್ನೂ ಟೈಪ್ ಮಾಡದವಳು ತನಗಾಗಿ ಒಂದೇ ಒಂದು ಸಾಲು ಉಳಿಸಿಕೊಳ್ಳಲು ಹೊರಟಿದ್ದಳು, ಅದನ್ನೂ ಇವಳು ಕಿತ್ತುಕೊಂಡಿದ್ದಳು.

"ತಪ್ಪಾಯ್ತು ಅಕ್ಕ," ಅಂದಳು.

ಅಕ್ಕ ಅಳಿಸುವ ಕೀಲಿಯ ಮೇಲೆ ಬೆರಳಿಟ್ಟು ಒತ್ತಿ ಹಿಡಿದಳು. ಸಾಲು ಹಿಂದಿನಿಂದ ಒಂದೊಂದೇ ಅಕ್ಷರ ಅಳಿಸಿಕೊಂಡು ಬಂತು. ತಲುಪಿಸಿದಳು ಹೋಯಿತು, ಮಾತನ್ನು ಹೋಯಿತು, ನನ್ನನ್ನು ಕೇಳಿದ ಎಂಬುದೂ ಹೋಯಿತು. ಆಮೇಲೆ ಅವಳು ಉಳಿದದ್ದನ್ನು ಓದಲಿಲ್ಲ. ಪ್ರಿಂಟು ತೆಗೆದು, ಪ್ರತಿ ಪುಟದ ಕೆಳಗೂ ಸಹಿ ಹಾಕಿ, ಅರವತ್ತಮೂರನೇ ಹಾಳೆಯನ್ನು ಅರವತ್ತೆರಡು, ಅರವತ್ತನಾಲ್ಕರ ನಡುವೆ ಸೇರಿಸಿ ಫೈಲಿಗೆ ದಾರ ಕಟ್ಟಿದಳು. ಅದನ್ನು ತೆಗೆದುಬಿಡಿ ಎಂದು ಜಿಪ್ಪಮ್ಮ ಕೈ ಮುಂದೆ ಮಾಡಿದಾಗ ಅಕ್ಕ ಫೈಲನ್ನು ತನ್ನ ಕಡೆಗೆ ಸರಿಸಿಕೊಂಡಳು.

"ಇದಿರ್ಲಿ. ಸಂಬಂಧ ನಿಜಾನಾ ಅಂತ ತಾನೇ ಅವರು ಕೇಳೋದು? ನನ್ನ ತಮ್ಮ ಹೋದಾಗ ನೀನು ಮೊದಲು ಹೇಳಿದ್ದು ನನಗಲ್ಲ, ಅವನಿಗೆ. ಇದಕ್ಕಿಂತ ಪುರಾವೆ ಏನ್ ಬೇಕು. ಬರುತ್ತೆ ಬಿಡು ನಿನ್ನ ವೀಸಾ."

ಹೇಳಿ ಫೈಲನ್ನು ಅವಳ ಕೈಗೆ ಕೊಟ್ಟಳು. ವೀಸಾ ಕಚೇರಿ ಐದಕ್ಕೆ ಮುಚ್ಚುತ್ತದೆ, ಬೇಗ ಹೋಗು ಅಂದಳು.